ಹುಟ್ಟಿದ ನೆಲವೋ, ಹೆತ್ತವರೋ?

ಮೈಸೂರಿನ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ 2024ರಲ್ಲಿ ದ್ವಿತೀಯ ಪಿಯುಸಿ ಮುಗಿಸಿ ‘ನೀಟ್’ ಬರೆದಿದ್ದಳು. ಆ ವರ್ಷದ ನೀಟ್ ಗೊಂದಲ ಬೇರೆಯದೇ ಕತೆ, ಅದಿರಲಿ. ಅವಳಿಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಸೀಟು ಹಂಚಿಕೆಯ ಅರ್ಜಿ ತುಂಬಲು ಕುಳಿತ ದಿನ ಸಂಜೆ ಅವಳ ಅಪ್ಪ ಒಂದು ಫೈಲು ಹಿಡಿದು ನಮ್ಮ ಮನೆಗೆ ಬಂದರು.

‘ರಾಷ್ಟ್ರೀಯತೆ ಅನ್ನೋ ಕಾಲಂನಲ್ಲಿ ಏನು ಬರೆಯೋದು ಸಾರ್? ನಾನೂ ಇಂಡಿಯನ್ನು, ಇವರಮ್ಮನೂ ಇಂಡಿಯನ್ನು. ಇವಳೊಬ್ಬಳು ಹೇಗೆ ಅಲ್ಲ?’

ಹುಡುಗಿ ಹುಟ್ಟಿದ್ದು 2006ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಪ್ಪ ಆಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. 2017ರಲ್ಲಿ ಸಂಸಾರ ಸಮೇತ ಊರಿಗೆ ಮರಳಿದರು. ಆರನೇ ತರಗತಿಗೆ ಸೇರಿದಾಗ ಒತ್ತಕ್ಷರಕ್ಕೆ ತಡಕಾಡುತ್ತಿದ್ದ ಹುಡುಗಿ ಹತ್ತನೇ ತರಗತಿಯ ಹೊತ್ತಿಗೆ ಕನ್ನಡದಲ್ಲಿ ಶಾಲೆಗೇ ಮೊದಲಿಗಳು. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತನ್ನೂ ದಾಟಿದ್ದಳು. ಆದರೆ ಅವಳ ಪಾಸ್‌ಪೋರ್ಟ್ ಅಮೆರಿಕದ್ದು. ಇಲ್ಲಿರಲು ಮೊದಲು ವೀಸಾ, ಆಮೇಲೆ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಒಸಿಐ ಕಾರ್ಡು. ಆ ಕಾರ್ಡಿನ ಹೆಸರಿನಲ್ಲಿ ‘ನಾಗರಿಕ’ ಎಂಬ ಪದವಿದೆ. ಕಾನೂನಿನ ಪ್ರಕಾರ ಅದು ಪೌರತ್ವವಲ್ಲ.

ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ಹುಡುಗಿಯ ಅಜ್ಜಿ ಮರುದಿನ ನನ್ನನ್ನು ತಡೆದು ಕೇಳಿದರು: ‘ಅಲ್ಲಪ್ಪಾ, ಅಪ್ಪ ಅಮ್ಮ ಇಬ್ಬರೂ ಇದ್ದು ನಮ್ಮ ಮಗು ಪರದೇಶಿಯಾ?’ ಕನ್ನಡದಲ್ಲಿ ಆ ಪದಕ್ಕೆ ಎರಡು ಅರ್ಥ. ಅಜ್ಜಿಗೆ ಎರಡೂ ಒಟ್ಟಿಗೆ ಕೇಳಿಸಿತ್ತು.

ಯಾವೂರು? ಯಾರ ಮಗ?

ನಮ್ಮ ಹಳ್ಳಿಗಳಲ್ಲಿ ಅಪರಿಚಿತ ಹುಡುಗನೊಬ್ಬ ಬಂದರೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವುದು ಎರಡೇ ಪ್ರಶ್ನೆ. ‘ಯಾವೂರಪ್ಪಾ ನಿಂದು? ಯಾರ ಮಗ?’ ಪ್ರಪಂಚದ ಸರ್ಕಾರಗಳು ಕೇಳುವುದೂ ಇವೇ ಎರಡನ್ನು. ಹುಟ್ಟಿದ ನೆಲವನ್ನು ನೋಡಿ ಪೌರತ್ವ ಕೊಡುವುದನ್ನು ಕಾನೂನು ಪಂಡಿತರು ಲ್ಯಾಟಿನ್‌ನಲ್ಲಿ ‘ಜಸ್ ಸೋಲಿ’ ಎನ್ನುತ್ತಾರೆ, ಹೆತ್ತವರನ್ನು ನೋಡಿ ಕೊಡುವುದನ್ನು ‘ಜಸ್ ಸಾಂಗ್ವಿನಿಸ್’. ಹೆಚ್ಚಿನ ದೇಶಗಳು ಎರಡನ್ನೂ ಬೆರೆಸಿಕೊಂಡಿವೆ. ಯಾವುದು ಎಷ್ಟು ಪಾಲು ಎಂಬುದರಲ್ಲಷ್ಟೇ ವ್ಯತ್ಯಾಸ. ಆ ಪಾಲು ಕಾಲಕಾಲಕ್ಕೆ ಬದಲಾಗುತ್ತಲೂ ಇರುತ್ತದೆ.

ನಮ್ಮ ದೇಶ ಹೊರಟದ್ದು ನೆಲದಿಂದ. 1947ರ ಏಪ್ರಿಲ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ಚರ್ಚೆ ಬಂದಾಗ ಸರ್ದಾರ್ ಪಟೇಲರು ಹುಟ್ಟಿನ ಆಧಾರದ ವಿಶಾಲ ಪೌರತ್ವದ ಪರವಾಗಿ ನಿಂತರು. ಮುಂದೆ ಬಂದ 1955ರ ಪೌರತ್ವ ಕಾಯ್ದೆ ಆ ದಾರಿಯಲ್ಲೇ ನಡೆಯಿತು. 1950ರ ಜನವರಿ 26ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಯಾರೇ ಆಗಲಿ, ವಿದೇಶಿ ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಭಾರತದ ಪ್ರಜೆ. ಅಪ್ಪ ಯಾರು, ಅಮ್ಮ ಎಲ್ಲಿಯವಳು ಎಂಬ ಪ್ರಶ್ನೆಯೇ ಇಲ್ಲ.

ಈ ಔದಾರ್ಯ 37 ವರ್ಷ ನಡೆಯಿತು. ಅಸ್ಸಾಂ ಚಳವಳಿ, ನೆರೆದೇಶಗಳಿಂದ ಬರುತ್ತಿದ್ದ ಜನ, ಇವುಗಳ ಹಿನ್ನೆಲೆಯಲ್ಲಿ 1986ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. 1987ರ ಜುಲೈ 1ರಿಂದ ಇಲ್ಲಿ ಹುಟ್ಟಿದರಷ್ಟೇ ಸಾಲದಾಯಿತು. ಮಗು ಹುಟ್ಟುವ ಹೊತ್ತಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. 2003ರ ತಿದ್ದುಪಡಿ ಇನ್ನೊಂದು ಗಂಟು ಬಿಗಿಯಿತು. ಅದು ಜಾರಿಗೆ ಬಂದ 2004ರ ಡಿಸೆಂಬರ್ 3ರಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಒಂದೇ ಆಸ್ಪತ್ರೆ, ಒಂದೇ ಹೆರಿಗೆ ಕೋಣೆ. ಹುಟ್ಟಿದ ತಾರೀಖಿನ ಪ್ರಕಾರ ಮೂರು ಕಾನೂನು.

ಬೈಲಕುಪ್ಪೆಯ ಅಣ್ಣ ತಮ್ಮ

ಪುಸ್ತಕದಲ್ಲಿ ಓದಿದರೆ ಇದು ಒಣ ಲೆಕ್ಕ. ಅದರ ಬಿಸಿ ತಿಳಿಯಬೇಕಾದರೆ ನಾವು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಶಾಲಾ ಪ್ರವಾಸ ಹೋಗದ ಮಕ್ಕಳು ನಮ್ಮಲ್ಲಿ ಕಡಿಮೆ. ಅಲ್ಲಿನ ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಬರುತ್ತೇವೆ. ಟಿಬೆಟ್ ತೊರೆದು ಬಂದವರಿಗಾಗಿ ಈ ನೆಲೆ ಎದ್ದದ್ದು 1960ರ ದಶಕದ ಆರಂಭದಲ್ಲಿ, ಆಗಿನ ಮೈಸೂರು ಸರ್ಕಾರ ಜಮೀನು ಕೊಟ್ಟ ಮೇಲೆ. ಆಮೇಲೆ ಮುಂಡಗೋಡ, ಕೊಳ್ಳೇಗಾಲದ ಕಡೆಗಳಲ್ಲೂ ನೆಲೆಗಳಾದವು.

ಟಿಬೆಟ್‌ನಿಂದ ಬಂದ ದಂಪತಿಗೆ ಬೈಲಕುಪ್ಪೆಯಲ್ಲಿ 1986ರಲ್ಲಿ ಒಬ್ಬ ಮಗ, 1988ರಲ್ಲಿ ಇನ್ನೊಬ್ಬ ಮಗ ಹುಟ್ಟಿದರೆಂದು ಇಟ್ಟುಕೊಳ್ಳಿ. ಒಂದೇ ಶಾಲೆ, ಒಂದೇ ತಟ್ಟೆ. ಅಣ್ಣ ಹುಟ್ಟಿದಾರಭ್ಯ ಭಾರತದ ಪ್ರಜೆ, ತಮ್ಮ ಅಲ್ಲ. ವಿಚಿತ್ರವೆಂದರೆ ಅಣ್ಣನಿಗೂ ತಾನು ಪ್ರಜೆಯೆಂಬುದು ಬಹುಕಾಲ ತಿಳಿದಿರಲಿಲ್ಲ. ಎಲ್ಲರಂತೆ ಅವನ ಕೈಯಲ್ಲೂ ಇದ್ದದ್ದು ವಿದೇಶೀಯರಿಗೆ ಕೊಡುವ ನೋಂದಣಿ ಪತ್ರ, ಆಗಾಗ ನವೀಕರಿಸಿಕೊಳ್ಳಬೇಕಾದದ್ದು. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ ಟಿಬೆಟನ್ ಯುವತಿಯೊಬ್ಬಳ ಪ್ರಕರಣದಲ್ಲಿ ಆಕೆ ಹುಟ್ಟಿನಿಂದಲೇ ಭಾರತೀಯಳು ಎಂದು ತೀರ್ಪು ಕೊಟ್ಟಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿಯಲ್ಲಿ ಸಾಗಿತು. ಮರುವರ್ಷ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಹೇಳಿತು. ಅಂದರೆ ಪ್ರಜೆಯಾಗಿದ್ದವನು ಅದನ್ನು ಕಾಗದದಲ್ಲಿ ಕಾಣಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಲ್ಲೊಂದು ಸೂಕ್ಷ್ಮವಿದೆ, ಕಾನೂನು ಓದುವ ವಿದ್ಯಾರ್ಥಿಗಳು ಗಮನಿಸಬೇಕು. 1965ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ ಹೆಣ್ಣುಮಗಳು ಪ್ರಜೆಯಾದರೆ, ಆಕೆಗೆ 1990ರಲ್ಲಿ ಇಲ್ಲೇ ಹುಟ್ಟಿದ ಮಗುವೂ ಪ್ರಜೆಯೇ, ತಾಯಿಯ ಮೂಲಕ. ನೆಲದಿಂದ ಬಂದ ಹಕ್ಕು ಮುಂದಿನ ತಲೆಮಾರಿಗೆ ರಕ್ತದಿಂದ ಇಳಿಯಿತು. ಹೀಗಾಗಿ ಇವತ್ತು ಒಬ್ಬ ಹುಡುಗನ ಪೌರತ್ವ ತಿಳಿಯಲು ಅವನ ಜನನ ಪತ್ರ ನೋಡಿದರೆ ಸಾಲದು, ಅವನ ಅಮ್ಮನ ಜನನ ಪತ್ರ ಹುಡುಕಬೇಕು. 1965ರಲ್ಲಿ ಮನೆಯಲ್ಲೇ ಹೆರಿಗೆಯಾದ ಎಷ್ಟು ಜನರ ಬಳಿ ಅದಿದೆ? ಟಿಬೆಟನ್ನರ ಮಾತು ಬಿಡಿ, ನಮ್ಮ ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥದ್ದೊಂದು ಪತ್ರ ಇದೆಯೇ ನೋಡಿ.

ತಾಯಿಯ ಲೆಕ್ಕ 1992ರಿಂದ

ಭಾರತದ ಹೊರಗೆ ಹುಟ್ಟಿದ ಮಕ್ಕಳ ಲೆಕ್ಕವೇ ಬೇರೆ. ಅಲ್ಲಿ ನೆಲ ನಮ್ಮದಲ್ಲ, ಹೆತ್ತವರಷ್ಟೇ ಆಧಾರ. ಆದರೆ ಈ ‘ಹೆತ್ತವರು’ ಎಂಬ ಮಾತಿನಲ್ಲಿ ಬಹಳ ಕಾಲ ಹೆತ್ತವಳೇ ಇರಲಿಲ್ಲ. 1950ರ ಸಂವಿಧಾನದ 5ನೇ ವಿಧಿ ‘ತಂದೆ ತಾಯಿಯರಲ್ಲಿ ಯಾರಾದರೊಬ್ಬರು’ ಎಂದು ಸಮಾನವಾಗಿ ಹೇಳಿತ್ತು. ಐದೇ ವರ್ಷದ ನಂತರ ಬಂದ ಕಾಯ್ದೆ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾಗಿದ್ದರೆ ಮಾತ್ರ ಪೌರತ್ವ ಎಂದಿತು. ಮಂಗಳೂರಿನ ನರ್ಸ್ ಒಬ್ಬಳು ಲಂಡನ್ನಿನಲ್ಲಿ ಅಲ್ಲಿಯವನನ್ನೇ ಮದುವೆಯಾಗಿ 1991ರಲ್ಲಿ ಮಗುವನ್ನು ಹೆತ್ತಿದ್ದರೆ, ಅವಳ ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ, ವಂಶದ ಮೂಲಕ ಆ ಮಗುವಿಗೆ ಭಾರತದ ಪೌರತ್ವ ಇಲ್ಲ. ಒಂಬತ್ತು ತಿಂಗಳು ಹೊತ್ತವಳಿಗೆ ಈ ಹಕ್ಕು ಬಂದದ್ದು 1992ರ ಡಿಸೆಂಬರ್ 10ರಂದು, ಗಣರಾಜ್ಯವಾಗಿ 42 ವರ್ಷ ಕಳೆದ ಮೇಲೆ. ಇದರ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಗಲಿಲ್ಲ ಎನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದವರಿಗೆ ಇನ್ನೊಂದು ಕಟ್ಟಳೆ ಸೇರಿತು. ತಂದೆ ತಾಯಿ ಭಾರತೀಯರಾದರೆ ಸಾಲದು. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿಯಾಗಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಉಡುಪಿ, ಮಂಗಳೂರು, ಭಟ್ಕಳದ ಕಡೆಯ ಓದುಗರಿಗೆ ಇದರ ತೂಕ ಬೇಗ ಅರ್ಥವಾಗುತ್ತದೆ. ದುಬೈ, ಕುವೈತ್, ಸೌದಿಯಲ್ಲಿ ಹುಟ್ಟಿದ ಪರದೇಶದವರ ಮಕ್ಕಳಿಗೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಅಪ್ಪ ಅಲ್ಲಿ ಮೂವತ್ತು ವರ್ಷ ದುಡಿದಿರಲಿ, ಮಗು ಅಲ್ಲೇ ಶಾಲೆ ಮುಗಿಸಲಿ, ಫಲ ಒಂದೇ. ಆಸ್ಪತ್ರೆಯವರು ಕೊಡುವ ಅರಬ್ಬಿ ಅಕ್ಷರದ ಜನನ ಪತ್ರ ಹುಟ್ಟಿಗೆ ಸಾಕ್ಷಿಯೇ ಹೊರತು ಪೌರತ್ವಕ್ಕಲ್ಲ. ರಾಯಭಾರ ಕಚೇರಿಯ ನೋಂದಣಿ ತಪ್ಪಿದರೆ ಆ ಮಗುವಿಗೆ ಅಲ್ಲಿಯೂ ಹಕ್ಕಿಲ್ಲ, ಇಲ್ಲಿಯೂ ತೊಡಕು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಅಂಥ ಹೊತ್ತಿನಲ್ಲಿ ಕೈಯಲ್ಲೊಂದು ಭಾರತದ ಪಾಸ್‌ಪೋರ್ಟ್ ಇರುವುದೆಂದರೆ ಏನೆಂಬುದನ್ನು ಆ ವಿಮಾನ ಹತ್ತಿ ಬಂದ ಕರಾವಳಿಯ ಹಿರಿಯರನ್ನು ಕೇಳಬೇಕು.

ಅಮೆರಿಕದ ಅಡುಗೆಯವನ ಮೊಕದ್ದಮೆ

ಅಮೆರಿಕದ್ದು ಇದಕ್ಕೆ ಪೂರಾ ತದ್ವಿರುದ್ಧ. ಗುಲಾಮಗಿರಿ ಕೊನೆಗೊಂಡ ಮೇಲೆ, 1868ರಲ್ಲಿ, ಅಲ್ಲಿಯ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಆ ನೆಲದಲ್ಲಿ ಹುಟ್ಟಿ ಅಲ್ಲಿಯ ಕಾನೂನಿಗೆ ಒಳಪಟ್ಟವರೆಲ್ಲ ಪ್ರಜೆಗಳು ಎಂದು ಅದು ಸಾರಿತು. ಕರಿಯರಿಗಾಗಿ ಬಂದ ಈ ಮಾತು ವಲಸೆಗಾರರ ಮಕ್ಕಳಿಗೂ ಅನ್ವಯಿಸುತ್ತದೆಯೇ? ಇದನ್ನು ಇತ್ಯರ್ಥ ಮಾಡಿಸಿದವನು ವಾಂಗ್ ಕಿಮ್ ಆರ್ಕ್ ಎಂಬ ಅಡುಗೆ ಕೆಲಸದವನು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1873ರಲ್ಲಿ ಚೀನೀ ದಂಪತಿಗೆ ಹುಟ್ಟಿದವನು. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಬಂದರಿನ ಅಧಿಕಾರಿಗಳು ‘ನೀನು ಇಲ್ಲಿಯವನಲ್ಲ’ ಎಂದು ಇಳಿಯಲು ಬಿಡಲಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲೇ ಸೆರೆ. ಚೀನೀಯರನ್ನು ದೇಶದೊಳಕ್ಕೆ ಬಿಡಬಾರದೆಂಬ ಕಾನೂನೇ ಇದ್ದ ಕಾಲ ಅದು. 1898ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆರು ಎರಡರ ಬಹುಮತದಿಂದ ಅವನು ಪ್ರಜೆ ಎಂದಿತು.

ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ನಮ್ಮ ಮಲ್ಲೇಶ್ವರ, ಜಯನಗರ, ಕುವೆಂಪುನಗರದವರ ಮಕ್ಕಳಿಗೆಲ್ಲ ನೀಲಿ ಪಾಸ್‌ಪೋರ್ಟ್ ಸಿಕ್ಕಿದ್ದು ಆ ಅಡುಗೆಯವನ ಹಟದಿಂದ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಇದಕ್ಕೆ ಕತ್ತರಿ ಹಾಕುವ ಆದೇಶಕ್ಕೆ ಸಹಿ ಮಾಡಿದರು. ತಾಯಿ ತಾತ್ಕಾಲಿಕ ವೀಸಾದ ಮೇಲಿದ್ದು ತಂದೆ ಪ್ರಜೆಯೂ ಅಲ್ಲದೆ, ಗ್ರೀನ್ ಕಾರ್ಡುದಾರನೂ ಅಲ್ಲದಿದ್ದರೆ, ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂದಿತು ಆ ಆದೇಶ. ಎಚ್-1ಬಿ ವೀಸಾದ ಮೇಲಿರುವ ನಮ್ಮ ಹುಡುಗ ಹುಡುಗಿಯರಿಗೆ ನೇರವಾಗಿ ತಗಲುವ ಮಾತಿದು. ಜಾರಿಗೆ ಬರುವ ಮೊದಲೇ ಕೆಳಗಿನ ಕೋರ್ಟುಗಳು ತಡೆದವು. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ನೆಲದ ಹಕ್ಕನ್ನು ಹೀಗೆ ಹಿಂದಕ್ಕೆ ಪಡೆಯುವುದು ಹೊಸತೇನಲ್ಲ. ಬ್ರಿಟನ್ 1983ರಲ್ಲಿ, ಆಸ್ಟ್ರೇಲಿಯಾ 1986ರಲ್ಲಿ, ಐರ್ಲೆಂಡ್ ಜನಮತಗಣನೆ ನಡೆಸಿ 2005ರಲ್ಲಿ ಹುಟ್ಟಿನ ಜತೆಗೆ ಹೆತ್ತವರ ಷರತ್ತನ್ನೂ ಸೇರಿಸಿದವು. ನಾವೂ ಮಾಡಿದ್ದು ಅದನ್ನೇ.

ಮೂರು ತಿಂಗಳ ಮಗುವಿನ ಪಾಸ್‌ಪೋರ್ಟ್

ಮತ್ತೆ ನಮ್ಮ ಬೀದಿಯ ಹುಡುಗಿಯ ಕಡೆ ಬರೋಣ. ಅವಳು ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರೂ ಭಾರತದ ಪ್ರಜೆಗಳು. ಬೇರೆ ಪಾಸ್‌ಪೋರ್ಟ್ ಪಡೆಯದೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದ್ದರೆ ಅವಳೂ ಪ್ರಜೆ. ಅಂಥ ಮಕ್ಕಳು 18 ತುಂಬಿದ ಆರು ತಿಂಗಳೊಳಗೆ ಹೊರದೇಶದ ಪೌರತ್ವ ಬಿಟ್ಟುಕೊಟ್ಟರೆ ಭಾರತೀಯರಾಗಿಯೇ ಉಳಿಯಬಹುದು. ಆದರೆ ಆಗ ಆದದ್ದೇನು? ಊರಲ್ಲಿ ಅಜ್ಜಿ ಮೊಮ್ಮಗಳ ಮುಖ ನೋಡಬೇಕೆಂದು ಹಂಬಲಿಸುತ್ತಿದ್ದರು. ಅಮೆರಿಕದ ಕಾನೂನು ತನ್ನ ಪ್ರಜೆ ತನ್ನ ಪಾಸ್‌ಪೋರ್ಟಿನಲ್ಲೇ ಬಂದು ಹೋಗಬೇಕೆನ್ನುತ್ತದೆ. ಮೂರು ತಿಂಗಳ ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಅದರ ಮೇಲೆ ಭಾರತದ ವೀಸಾ ಒತ್ತಿಸಿ ಕರೆತಂದರು. ಅಜ್ಜಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಅವಳನ್ನು ಬಾಧಿಸಿದ್ದು ಇನ್ನೊಂದು ತಾರೀಖು. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ವೃತ್ತಿ ಶಿಕ್ಷಣ ಪ್ರವೇಶಕ್ಕೆ ಒಸಿಐ ವಿದ್ಯಾರ್ಥಿಗಳನ್ನೂ ಭಾರತೀಯರಂತೆ ಪರಿಗಣಿಸಬೇಕೆಂದಿತ್ತು. 2021ರ ಮಾರ್ಚ್ 4ರಂದು ಕೇಂದ್ರ ಸರ್ಕಾರದ ಅಧಿಸೂಚನೆ ಬಂತು. ಭಾರತೀಯ ಪ್ರಜೆಗಳಿಗೆಂದೇ ಮೀಸಲಾದ ಸೀಟುಗಳು ಒಸಿಐ ಕಾರ್ಡುದಾರರಿಗಿಲ್ಲ, ಅನಿವಾಸಿ ಭಾರತೀಯರ ಕೋಟಾ ಮುಂತಾದವಷ್ಟೇ ಎಂದಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಆ ದಿನಕ್ಕೆ ಮೊದಲೇ ಕಾರ್ಡು ಪಡೆದವರಿಗೆ ಈ ನಿರ್ಬಂಧ ತಗಲದು ಎಂದು ರಕ್ಷಣೆ ಕೊಟ್ಟಿತು. ವೀಸಾ ನವೀಕರಣದಲ್ಲೇ ದಿನ ತಳ್ಳುತ್ತಿದ್ದ ಈ ಸಂಸಾರದ ಕೈಗೆ ಮಗಳ ಕಾರ್ಡು ಬಂದದ್ದು 2021ರ ಜೂನ್‌ನಲ್ಲಿ. ಮೂರು ತಿಂಗಳು ತಡ.

ಇದಕ್ಕಿಂತ ಸೂಕ್ಷ್ಮವಾದ ಪ್ರಕರಣವೊಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಭಾರತದಲ್ಲಿ ಹುಟ್ಟಿದ ದಂಪತಿ 1998ರ ಡಿಸೆಂಬರ್‌ನಲ್ಲಿ ಸಿಂಗಪುರದ ಪೌರತ್ವ ಪಡೆದರು. ಆಗ ತಾಯಿ ತುಂಬು ಬಸುರಿ. ಮಗ ಹುಟ್ಟಿದ್ದು 1999ರ ಮಾರ್ಚ್ 1ರಂದು. ದೊಡ್ಡವನಾದ ಮೇಲೆ ಅವನು ಭಾರತದ ಪೌರತ್ವ ಮರಳಿ ಕೇಳಿದ. ಪೌರತ್ವ ಬಿಟ್ಟುಕೊಟ್ಟವರ ಮಕ್ಕಳು 18 ತುಂಬಿದ ಒಂದು ವರ್ಷದೊಳಗೆ ಅದನ್ನು ಮರಳಿ ಪಡೆಯಬಹುದೆಂಬ ಕಲಮೊಂದಿದೆ. ಮದ್ರಾಸ್ ಹೈಕೋರ್ಟು ಅವನ ಪರವಾಗಿತ್ತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪರದೇಶದ ಪೌರತ್ವ ಪಡೆದೊಡನೆ ಭಾರತದ್ದು ತಾನೇ ತಾನಾಗಿ ಹೋಗುತ್ತದೆ, ಅದು ‘ಬಿಟ್ಟುಕೊಟ್ಟದ್ದು’ ಅಲ್ಲ, ಆದ್ದರಿಂದ ಮರಳಿ ಪಡೆಯುವ ಕಲಂ ಇಲ್ಲಿಗೆ ಹೊಂದದು ಎಂದಿತು. ಹುಟ್ಟುವ ಮೊದಲೇ ಅವನ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು. ಕಾನೂನು ಹಾಗೆ ಹೇಳುತ್ತದೆ ಸರಿ. ಆದರೂ ಸಹಿ ಹಾಕುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು ಎಂಬ ಈ ಏರ್ಪಾಡು ನನಗೆ ಸರಿಕಾಣುವುದಿಲ್ಲ.

ಟ್ರಂಕಿನಲ್ಲಿ ಏನಿರಬೇಕು?

ಇಷ್ಟೆಲ್ಲ ಕೇಳಿದ ಮೇಲೆ ‘ನಮ್ಮ ಮಕ್ಕಳಿಗೆ ಆಧಾರ್ ಇದೆಯಲ್ಲ’ ಎನ್ನುವವರಿದ್ದಾರೆ. ಆಧಾರ್ ಇಲ್ಲಿ ವಾಸವಿರುವವರ ಗುರುತು, ಪೌರತ್ವಕ್ಕೆ ಪುರಾವೆಯಲ್ಲ. ಇದನ್ನು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ನಮ್ಮ ಬೀದಿಯ ಹುಡುಗಿಗೂ ಆಧಾರ್ ಇದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಪಾಸ್‌ಪೋರ್ಟ್ ಪಡೆಯಲು ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಅದನ್ನು 21 ದಿನದೊಳಗೆ ನೋಂದಾಯಿಸುವುದು ಕಷ್ಟದ ಕೆಲಸವೇನಲ್ಲ. ಮಗುವಿನ ಪತ್ರದ ಜತೆಗೆ ಅಪ್ಪ ಅಮ್ಮನ ಜನನ ಪತ್ರ, ಶಾಲೆಯ ವರ್ಗಾವಣೆ ಪತ್ರ, ಪಾಸ್‌ಪೋರ್ಟಿನ ಪ್ರತಿ ಇವನ್ನೂ ಒಟ್ಟಿಗೆ ಇಡಿ. ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ.

ಹೊರದೇಶದಲ್ಲಿ ಹುಟ್ಟಿ ಇಲ್ಲಿ ಬೆಳೆಯುತ್ತಿರುವ ಮಕ್ಕಳ ತಂದೆ ತಾಯಿಗೆ ಒಂದು ಮಾತು. ನೀವು ಇನ್ನೂ ಭಾರತದ ಪ್ರಜೆಗಳಾಗಿದ್ದರೆ, ಮಗುವಿಗೆ 18 ತುಂಬುವ ಮೊದಲು ನೋಂದಣಿಯ ಮೂಲಕ ಪೌರತ್ವ ಕೇಳಲು ಕಾಯ್ದೆಯ 5ನೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿ ಜಿಲ್ಲಾಧಿಕಾರಿಯ ಮೂಲಕ ಹೋಗುತ್ತದೆ, ಸಮಯ ಹಿಡಿಯುತ್ತದೆ, ಹೊರದೇಶದ ಪೌರತ್ವ ಬಿಡಬೇಕಾಗುತ್ತದೆ. ಎರಡೂ ಕೈಯಲ್ಲಿ ಲಾಡು ನಮ್ಮ ದೇಶದಲ್ಲಿಲ್ಲ. ಯಾವುದು ಒಳ್ಳೆಯದೆಂದು ನಾನು ಹೇಳಲಾರೆ. ಪಿಯುಸಿ ಮುಗಿದ ಮೇಲೆ ಯೋಚಿಸುವ ಬದಲು ಹೈಸ್ಕೂಲಿನಲ್ಲಿರುವಾಗಲೇ ಯೋಚಿಸಿ, ಮಗುವನ್ನೂ ಕೂರಿಸಿಕೊಂಡು.

ಅನಿವಾಸಿ ಕೋಟಾದ ಶುಲ್ಕ ಕೇಳಿ ನಮ್ಮ ಬೀದಿಯ ಆ ಅಪ್ಪ ಕೈಚೆಲ್ಲಿದರು. ಹುಡುಗಿ ಮೈಸೂರಿನಲ್ಲೇ ಬಿ.ಎಸ್ಸಿ. ಸೇರಿದಳು. ಒಸಿಐ ಕಾರ್ಡು ಪಡೆದು ಐದು ವರ್ಷವಾಗಿ, ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಇಲ್ಲೇ ವಾಸವಿದ್ದರೆ ಪ್ರಾಪ್ತ ವಯಸ್ಸಿನವರು ಪೌರತ್ವಕ್ಕೆ ತಾವೇ ಅರ್ಜಿ ಹಾಕಬಹುದು. ಅವಳ ಲೆಕ್ಕದಲ್ಲಿ ಆ ಐದು ವರ್ಷ ತುಂಬುವುದು 2026ರ ಜೂನ್‌ಗೆ. ಅಮೆರಿಕದ ಪಾಸ್‌ಪೋರ್ಟ್ ಬಿಡಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ‘ನಾಳೆ ಎಂ.ಎಸ್. ಮಾಡೋಕೆ ಹೋಗ್ತೀನಿ ಅಂದ್ರೆ ಏನು ಮಾಡ್ತೀಯ?’ ಎಂದು ನನ್ನೆದುರಿಗೇ ಕೇಳಿದರು.

‘ಎಲ್ಲರ ಥರ ವೀಸಾ ತಗೊಂಡು ಹೋಗ್ತೀನಿ’ ಎಂದಳು ಹುಡುಗಿ. ‘ಈ ಸಲ ಸಹಿ ನಂದು ಅಪ್ಪಾ.’